ನಲವತ್ತೊಂಬತ್ತು ದಿನ ಹದಿನೇಳು ಗಂಟೆ

ಹೋದ ತಿಂಗಳು ಆರ್.ಟಿ. ನಗರದ ಒಂದು ಅಂಗಡಿಗೆ ಮಿಕ್ಸಿ ರಿಪೇರಿಗೆ ಕೊಡಲು ಹೋಗಿದ್ದೆ. ಅಂಗಡಿಯವನು ತಲೆ ತಗ್ಗಿಸಿ ಯಾವುದೋ ರೇಡಿಯೋಗೆ ಬೆಸುಗೆ ಹಾಕುತ್ತಿದ್ದ. ಆ ಸುಟ್ಟ ರಾಳದ ಹೊಗೆ ಮೂಗಿಗೆ ಬಡಿದದ್ದೇ ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಮಿಕ್ಸಿಯನ್ನು ಅಲ್ಲೇ ಇಟ್ಟು, ಚೀಟಿಯನ್ನೂ ತೆಗೆದುಕೊಳ್ಳದೆ ಹೊರಗೆ ಬಂದೆ. ಏಳು ವರ್ಷದ ಹಿಂದೆ ಕೆಂಪಾಪುರದ ನಮ್ಮ ಲ್ಯಾಬಿನಲ್ಲಿ ದಿನವಿಡೀ ಇದೇ ವಾಸನೆ ಇರುತ್ತಿತ್ತು. ಆ ವರ್ಷವನ್ನು ನಾನು ಮನೆಯಲ್ಲಿ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಗಂಡನಿಗೂ ಅರ್ಧ ಹೇಳಿದ್ದೇನೆ, ನನಗೆ ಅನುಕೂಲವಾದ ಅರ್ಧ.

2012ರ ಮಳೆಗಾಲ. ಹೆಬ್ಬಾಳದಿಂದ ವಿಮಾನ ನಿಲ್ದಾಣದ ಕಡೆಗೆ ಮೇಲುರಸ್ತೆ ಕಟ್ಟುತ್ತಿದ್ದ ಕಾಲ. ರಸ್ತೆಯ ನಡುವೆ ಸಾಲಾಗಿ ಎದ್ದ ಕಂಬಗಳು, ಅವುಗಳ ಬುಡದಲ್ಲಿ ಸಿಮೆಂಟ್ ಬೆರೆತ ಬೂದಿ ಬಣ್ಣದ ಕೆಸರು. ಹೆಬ್ಬಾಳದಲ್ಲಿ ಬಸ್ ಇಳಿದು ಕೆಂಪಾಪುರಕ್ಕೆ ನಡೆದರೆ ಚಪ್ಪಲಿಗೆ ಅಂಟಿದ ಆ ಕೆಸರು ಮಧ್ಯಾಹ್ನದ ಹೊತ್ತಿಗೆ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಸಂಜೆ ಮಳೆ ಬಂದರೆ ಕರೆಂಟ್ ಹೋಗುತ್ತಿತ್ತು. ನಮ್ಮ ಆಫೀಸಿನಲ್ಲಿ ವಾರಕ್ಕೆ ನಾಲ್ಕು ಸಲವಾದರೂ ಎಲ್ಲ ಯಂತ್ರಗಳೂ ಒಟ್ಟಿಗೆ ಆಫ್ ಆಗಿ ಒಟ್ಟಿಗೆ ಆನ್ ಆಗುತ್ತಿದ್ದವು. ಅದು ದೊಡ್ಡ ವಿಷಯ ಎಂದು ಆಗ ಯಾರಿಗೂ ಅನ್ನಿಸಿರಲಿಲ್ಲ.

ನಲವತ್ತು ಜನರ ಸಣ್ಣ ಕಂಪನಿ ನಮ್ಮದು. ಆಸ್ಪತ್ರೆಗಳ ಔಷಧದ ಶೀತಲ ಕೋಣೆಗೆ ಹಾಕುವ ಒಂದು ನೆಟ್‌ವರ್ಕ್ ಪೆಟ್ಟಿಗೆಯನ್ನು ತಯಾರಿಸುತ್ತಿದ್ದೆವು. ಕೋಣೆಯ ಒಳಗಿನ ಸೆನ್ಸರ್‌ಗಳನ್ನು ಅದು ಎರಡು ಸೆಕೆಂಡಿಗೊಮ್ಮೆ ಮಾತಾಡಿಸಿ, ಒಳಗೆ ಎಷ್ಟು ಡಿಗ್ರಿ ಇದೆ ಎಂದು ಕೇಳಿ, ಹೊರಗಿನ ಪರದೆಗೆ ಕಳಿಸುತ್ತಿತ್ತು. ಎಂಟು ಡಿಗ್ರಿ ದಾಟಿದರೆ ಗಂಟೆ ಹೊಡೆಯುತ್ತಿತ್ತು. ನಾನು ಪರೀಕ್ಷೆ ಮಾಡುವ ವಿಭಾಗದವಳು. ಪೆಟ್ಟಿಗೆ ಸರಿಯಾಗಿದೆ ಎಂದು ನಾನು ಸಹಿ ಹಾಕಿದ ಮೇಲೆಯೇ ಅದು ಹೊರಗೆ ಹೋಗಬೇಕು. ಕಂಪನಿಯನ್ನು ನಡೆಸುತ್ತಿದ್ದ ರವೀಂದ್ರ ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಮುಂದಿದ್ದವನು. ಮಗಳು ಹುಟ್ಟಿದ ಮೇಲೆ ಮೂರು ವರ್ಷ ಮನೆಯಲ್ಲಿ ಕೂತಿದ್ದ ನನ್ನನ್ನು ಕರೆದು ಕೆಲಸ ಕೊಟ್ಟವನು ಅವನೇ. ಪೆಟ್ಟಿಗೆಯ ಮೊದಲ ಪ್ರೋಗ್ರಾಮನ್ನು ಒಬ್ಬನೇ ಕೂತು ಬರೆದವನೂ ಅವನೇ, ಅದನ್ನು ಅವನು ಮರೆಯುತ್ತಿರಲಿಲ್ಲ, ಯಾರಿಗೂ ಮರೆಯಲು ಬಿಡುತ್ತಲೂ ಇರಲಿಲ್ಲ.

ಮೇ ತಿಂಗಳಲ್ಲಿ ಮಲ್ಲಿಕಾರ್ಜುನ ಸರ್ ಬಂದು ಸೇರಿದರು. ಗದಗಿನ ಕಡೆಯವರು, ವಯಸ್ಸು ನಲವತ್ತೈದರ ಹತ್ತಿರ. ಹನ್ನೊಂದು ವರ್ಷ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿ, ಅದು ಮುಚ್ಚಿದ ಮೇಲೆ ಬೆಂಗಳೂರಿಗೆ ಬಂದು ಬ್ಯಾಟರಾಯನಪುರದಲ್ಲಿ ಒಂದು ರೂಮು ಮಾಡಿಕೊಂಡಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಆಫೀಸಿನ ಹುಡುಗರು ಅವರನ್ನು 'ಮೇಷ್ಟ್ರು' ಎನ್ನುತ್ತಿದ್ದರು; ಅವರ ಮಾತನ್ನು ಅಣಕಿಸುತ್ತಿದ್ದರು. ಅವರು ಕೋಪ ಮಾಡಿಕೊಂಡದ್ದನ್ನು ನಾನು ನೋಡಲಿಲ್ಲ. ಇತರರು ಬರೆದ ಪ್ರೋಗ್ರಾಮಿನ ಸಾಲುಗಳನ್ನು ಅವರು ಪರೀಕ್ಷೆಯ ಪೇಪರ್ ತಿದ್ದುವ ಹಾಗೆ, ಬೆರಳಿಟ್ಟು ಒಂದೊಂದಾಗಿ ಓದುತ್ತಿದ್ದರು.

ಜೂನ್ ಕೊನೆಯ ಒಂದು ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಬರ್ರಿ ಮೇಡಂ, ಒಂದು ಸಾಲು ತೋರಸ್ತೀನಿ. ಇದನ್ನ ಬರದವರು ಶಾಣ್ಯಾ ಅದಾರ. ಆದ್ರ ಅರ್ಧಾ ಶಾಣ್ಯಾ."

ಪೆಟ್ಟಿಗೆಯೊಳಗೆ ಒಂದು ಎಣಿಕೆ ನಡೆಯುತ್ತಿರುತ್ತದೆ. ಆನ್ ಮಾಡಿದಾಗ ಸೊನ್ನೆ, ಆಮೇಲೆ ಸೆಕೆಂಡಿಗೆ ಸಾವಿರದಂತೆ ಏರುತ್ತಾ ಹೋಗುತ್ತದೆ. ಆದರೆ ಅದನ್ನು ಬರೆದಿಡುವ ಜಾಗ ಚಿಕ್ಕದು. ನಾನೂರ ಇಪ್ಪತ್ತೊಂಬತ್ತು ಕೋಟಿ ಚಿಲ್ಲರೆ ಆದ ಮೇಲೆ ಜಾಗ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ಹಾಗೆ ತುಂಬಲು ನಲವತ್ತೊಂಬತ್ತು ದಿನ ಹದಿನೇಳು ಗಂಟೆ ಬೇಕು. ಪೆಟ್ಟಿಗೆ ಪ್ರತಿ ಸಲ ಸೆನ್ಸರ್ ಮಾತಾಡಿಸಿದ ಮೇಲೆ, ಈಗಿನ ಎಣಿಕೆಗೆ ಎರಡು ಸೆಕೆಂಡು ಕೂಡಿಸಿ, ಮುಂದಿನ ಸಲ ಇಷ್ಟು ಹೊತ್ತಿಗೆ ಕೇಳಬೇಕು ಎಂದು ಬರೆದುಕೊಳ್ಳುತ್ತಿತ್ತು. ಕೂಡಿಸುವಾಗ ಜಾಗ ಮೀರಿಹೋದರೆ? ಅದಕ್ಕೂ ರವೀಂದ್ರ ಒಂದು ಸಾಲು ಬರೆದಿದ್ದ: ಮೀರುವ ಹಾಗಿದ್ದರೆ ಕಟ್ಟಕಡೆಯ ದೊಡ್ಡ ಸಂಖ್ಯೆಯಲ್ಲೇ ನಿಲ್ಲಿಸು. ಪಕ್ಕದಲ್ಲಿ ಟಿಪ್ಪಣಿ ಬೇರೆ ಇತ್ತು, ಇಲ್ಲಿ ಮೀರದಂತೆ ತಡೆಯಲಾಗಿದೆ ಎಂದು.

"ಮೀರೂದನ್ನ ತಡದಾರ, ಖರೇ," ಎಂದರು ಮಲ್ಲಿಕಾರ್ಜುನ ಸರ್. "ಆದ್ರ ಎಣಿಕಿ ತಿರುಗಿ ಸೊನ್ನಿಗೆ ಬಂದಿರ್ತದ. ಇದು ಮಾತ್ರ ಕಟ್ಟಕಡೀ ಸಂಖ್ಯಾ ಬರೂತನಕ ಕಾಯ್ಕೋತ ಕುಂದರ್ತದ. ಇನ್ನೊಂದು ನಲವತ್ತೊಂಬತ್ತು ದಿನ. ಅಲ್ಲೀತನಕ ಸೆನ್ಸರ್ ಮಾತಾಡಸಂಗಿಲ್ಲ, ಗಂಟಿ ಹೊಡಿಯಂಗಿಲ್ಲ. ಪರದಿ ಮ್ಯಾಲೆ ಹಳೇ ನಂಬರ್ ಹಂಗೇ ಇರ್ತದ."

"ಹಾಗಾದ್ರೆ ಹೇಗೆ ಬರೀಬೇಕು ಸರ್?"

"ಎಷ್ಟು ಗಂಟೆಗೆ ಏಳಬೇಕು ಅಂತ ಕೇಳಬಾರದ್ರಿ. ಮಲಗಿ ಎಷ್ಟು ಹೊತ್ತಾತು ಅಂತ ಕೇಳಬೇಕು. ಈಗಿನ ಎಣಿಕಿಯಿಂದ ಹಿಂದಿನದನ್ನ ಕಳೀರಿ. ಎಣಿಕಿ ಸೊನ್ನಿಗೆ ಬಂದಿದ್ರೂ ಕಳಿಯೂ ಲೆಕ್ಕ ತಪ್ಪಂಗಿಲ್ಲ. ಒಂದ ಸಾಲು."

ಐವತ್ತು ದಿನ ಕಾಯದೆ ಇದನ್ನು ಪರೀಕ್ಷಿಸುವುದು ಹೇಗೆ ಎಂದು ನಾನು ಕೇಳುವ ಮೊದಲೇ ಅವರು ಅದನ್ನೂ ಯೋಚಿಸಿದ್ದರು. ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡದೆ, ತುಂಬಲು ಐದೇ ನಿಮಿಷ ಬಾಕಿ ಇರುವಲ್ಲಿಂದ ಶುರು ಮಾಡಿದರು. ಒಂದು ಲೋಟದಲ್ಲಿ ಐಸ್ ನೀರು, ಇನ್ನೊಂದರಲ್ಲಿ ಆಗಷ್ಟೇ ತರಿಸಿದ ಬಿಸಿ ಚಹಾ. ಸೆನ್ಸರನ್ನು ಐಸ್ ನೀರಿನಲ್ಲಿ ಇಟ್ಟಾಗ ಪರದೆ 4.1 ತೋರಿಸಿತು. ಚಹಾಕ್ಕೆ ಹಾಕಿದರೆ ಸಂಖ್ಯೆ ಏರಿ ಗಂಟೆ ಕಿವಿಗಡಚಿಕ್ಕುವ ಹಾಗೆ ಹೊಡೆಯಿತು. ಮತ್ತೆ ಐಸ್ ನೀರಿಗೆ ಹಾಕಿದೆವು. ಗೋಡೆಯ ಗಡಿಯಾರ ನೋಡುತ್ತಾ ಐದು ನಿಮಿಷ ಕಳೆಯಲು ಬಿಟ್ಟೆವು. ಆಮೇಲೆ ಸೆನ್ಸರನ್ನು ಪುನಃ ಚಹಾಕ್ಕೆ ಅದ್ದಿದೆ, ನನ್ನ ಕೈಯಾರೆ.

4.1. ಹಸಿರು ದೀಪ. ಸದ್ದಿಲ್ಲ.

ಚಹಾ ಕೆನೆಗಟ್ಟುವವರೆಗೂ ನಾವಿಬ್ಬರೂ ನೋಡುತ್ತಾ ನಿಂತಿದ್ದೆವು. ಪರದೆ ಕದಲಲಿಲ್ಲ.

ಮರುದಿನ ರವೀಂದ್ರನ ಕೋಣೆಯಲ್ಲಿ ಮೂವರೂ ಕೂತೆವು. ಮಲ್ಲಿಕಾರ್ಜುನ ಸರ್ ತರಗತಿಯಲ್ಲಿ ಹೇಳುವ ಹಾಗೆ ಬಿಳಿ ಬೋರ್ಡಿನ ಮೇಲೆ ಬರೆದು ವಿವರಿಸಿದರು. ಅದು ರವೀಂದ್ರ ಬರೆದ ಸಾಲು ಎಂದು, ಸೇರಿ ಎರಡು ತಿಂಗಳೂ ಆಗಿರದ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಮೊದಲೇ ಹೇಳಬೇಕಿತ್ತು. 'ಅರ್ಧಾ ಶಾಣ್ಯಾ' ಎನ್ನುವ ಮಾತನ್ನು ಅವರು ಅಲ್ಲೂ ಆಡಿಬಿಟ್ಟರು.

ರವೀಂದ್ರನ ಮುಖ ಬಿಗಿಯಿತು. "ಸರ್, ಐವತ್ತು ದಿನ ಯಾರ್ ಸರ್ ಒಂದೇ ಸಮ ಆನ್ ಇಟ್ಟಿರ್ತಾರೆ? ನಮ್ಮ ಆಫೀಸಲ್ಲೇ ದಿನ ಬಿಟ್ಟು ದಿನ ಕರೆಂಟ್ ಹೋಗುತ್ತೆ. ಹೋಗಿ ಬಂದ್ರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಇದು ಥಿಯರಿ ಪ್ರಾಬ್ಲಂ."

"ಛಲೋ ಆಸ್ಪತ್ರ್ಯಾಗ ಕರೆಂಟ್ ಹೋಗಂಗಿಲ್ರಿ. ಯುಪಿಎಸ್ ಇರ್ತದ, ಜನರೇಟರ್ ಇರ್ತದ. ಎಷ್ಟು ಛಲೋ ಆಸ್ಪತ್ರಿನೋ ಅಷ್ಟು ಅಪಾಯ."

"ಈಗ ಒಂದು ಸಾಲು ಮುಟ್ಟಿದ್ರೂ ಪೂರ್ತಿ ಟೆಸ್ಟಿಂಗ್ ಮತ್ತೆ ಮಾಡ್ಬೇಕು. ಡೆಲಿವರಿ ಮುಂದಿನ ವಾರ ಇದೆ." ಆಮೇಲೆ ನನ್ನ ಕಡೆ ತಿರುಗಿದ. "ವಸುಧಾ, ನೀನೇ ಹೇಳು. ಗ್ರಾಹಕರ ಕಡೆಯಿಂದ ಇಂಥ ಒಂದಾದ್ರೂ ಕಂಪ್ಲೇಂಟ್ ಬಂದಿದ್ಯಾ?"

"ಬಂದಿಲ್ಲ," ಎಂದೆ. ಅದು ನಿಜ. ಹಿಂದಿನ ದಿನ ಲ್ಯಾಬಿನಲ್ಲಿ ಕಣ್ಣಾರೆ ಕಂಡದ್ದನ್ನು ಅದರ ಬೆನ್ನಿಗೇ ಹೇಳಬಹುದಿತ್ತು. ಮಲ್ಲಿಕಾರ್ಜುನ ಸರ್ ನಾನು ಇನ್ನೇನೋ ಹೇಳುತ್ತೇನೆಂದು ಕಾಯುತ್ತಿದ್ದರು. ನಾನು ಬೋರ್ಡಿನ ಮೇಲಿನ ಅವರ ದುಂಡು ಅಕ್ಷರ ನೋಡುತ್ತಾ ಕೂತೆ.

ಕೊನೆಗೆ, ತಿಂಗಳಿಗೊಮ್ಮೆ ಆಫ್ ಮಾಡಿ ಆನ್ ಮಾಡಿ ಎಂಬ ಸೂಚನೆಯನ್ನು ಕೈಪಿಡಿಯಲ್ಲಿ ಸೇರಿಸುವುದೆಂದು ತೀರ್ಮಾನವಾಯಿತು. ಎರಡು ದಿನದ ನಂತರ ಮಾರಾಟದವರು ಆ ಸಾಲನ್ನೂ ತೆಗೆಸಿದರು; ಓದಿದವರಿಗೆ ಅನುಮಾನ ಬರುತ್ತದಂತೆ. ನನ್ನ ಪರೀಕ್ಷಾ ವರದಿಯಲ್ಲಿ 'ತಿಳಿದಿರುವ ದೋಷಗಳು' ಎಂಬ ಅಂಕಣವಿತ್ತು. ಅಲ್ಲಿ 'ಇಲ್ಲ' ಎಂದು ಬರೆದು ಸಹಿ ಹಾಕಿದೆ. ಯಾರೂ ನನ್ನನ್ನು ಹೆದರಿಸಲಿಲ್ಲ. ರವೀಂದ್ರ ದನಿ ಕೂಡ ಏರಿಸಲಿಲ್ಲ. ಕಾಗದ ಮುಂದಿಟ್ಟ, ಪೆನ್ನು ಕೊಟ್ಟ, ಮಗಳು ಹೇಗಿದ್ದಾಳೆ ಎಂದು ಕೇಳಿದ.

ಮಲ್ಲಿಕಾರ್ಜುನ ಸರ್ ಎಲ್ಲವನ್ನೂ ವಿವರವಾಗಿ ಬರೆದು ರವೀಂದ್ರನಿಗೆ, ನನಗೆ, ಇನ್ನಿಬ್ಬರು ಹಿರಿಯರಿಗೆ ಮೇಲ್ ಕಳಿಸಿದರು. ಉತ್ತರ ಬರಲಿಲ್ಲ. ಬಂದದ್ದು ಬೇರೆ ಕೆಲಸ: ಇನ್ನು ಮೇಲೆ ಅವರು ಪ್ರೋಗ್ರಾಂ ಮುಟ್ಟುವಂತಿಲ್ಲ, ಹಳೆಯ ಕೈಪಿಡಿಗಳಲ್ಲಿ ಕಾಗುಣಿತ ತಿದ್ದಬೇಕು. ಎರಡೂವರೆ ತಿಂಗಳು ತಿದ್ದಿದರು. ಗಣೇಶನ ಹಬ್ಬ ಮುಗಿದ ಮೇಲೆ ರಾಜೀನಾಮೆ ಕೊಟ್ಟರು. ಹೋಗುವ ದಿನ ಮಳೆ ಹಿಡಿದಿತ್ತು. ಮೆಟ್ಟಿಲ ಹತ್ತಿರ ಕೊಡೆ ಬಿಚ್ಚುತ್ತಿದ್ದವರನ್ನು ನಾನೇ ಮಾತಾಡಿಸಿದೆ.

"ಬೇಜಾರು ಮಾಡ್ಕೋಬೇಡಿ ಸರ್. ಮುಂದಿನ ವರ್ಷನ್‌ನಲ್ಲಿ ಸರಿ ಮಾಡ್ತಾರೆ."

"ನನಗ ನಂದೇನು ಬ್ಯಾಸರ ಇಲ್ರಿ ಮೇಡಂ. ನಾ ಸಾಲು ಓದಿ ಹೇಳಿದೆ. ನೀವು ಕಣ್ಣಾಗ ನೋಡೀರಿ." ಅಷ್ಟು ಹೇಳಿ ಇಳಿದುಹೋದರು.

ದಸರಾ ಆದ ಮೇಲೆ ಯಲಹಂಕದ ಆಚೆಯ ಒಂದು ಆಸ್ಪತ್ರೆಗೆ ನಮ್ಮ ಪೆಟ್ಟಿಗೆ ಹೋಯಿತು. ಒಳ್ಳೆಯ ಆಸ್ಪತ್ರೆ. ಕರೆಂಟ್ ಹೋದರೆ ದೀಪ ಮಿಣುಕುವಷ್ಟೂ ವ್ಯತ್ಯಾಸವಾಗುತ್ತಿರಲಿಲ್ಲ. ಶೀತಲ ಕೋಣೆಯ ಬಾಗಿಲ ಮೇಲಿದ್ದ ಹಳೆಯ ಮುಳ್ಳಿನ ಥರ್ಮಾಮೀಟರನ್ನು ಇನ್ನು ಬೇಡವೆಂದು ನಮ್ಮವರೇ ಬಿಚ್ಚಿಸಿದ್ದರು.

ಡಿಸೆಂಬರಿನ ಕೊನೆಯ ವಾರ ಅಲ್ಲಿಂದ ಫೋನ್ ಬಂತು. ಕೋಣೆಯಲ್ಲಿದ್ದ ಲಸಿಕೆ, ಇನ್ಸುಲಿನ್ ಎಲ್ಲ ಕೆಟ್ಟಿದೆ. ಲಸಿಕೆಯ ಸೀಸೆಯ ಮೇಲೆ ಒಂದು ಸಣ್ಣ ಗುರುತಿರುತ್ತದೆ, ಬಿಸಿ ತಾಗಿದರೆ ಬಣ್ಣ ಬದಲಾಯಿಸುತ್ತದೆ. ಒಬ್ಬ ನರ್ಸ್ ಅದನ್ನು ನೋಡಿ ಹೇಳಿದ್ದರಿಂದ ಗೊತ್ತಾಗಿದೆ. ಅಷ್ಟರಲ್ಲಿ ಕೆಲವು ಮಕ್ಕಳಿಗೆ ಚುಚ್ಚಿಯೂ ಆಗಿತ್ತು. ಆ ಮಕ್ಕಳನ್ನೆಲ್ಲ ಹುಡುಕಿ ಕರೆಸಿ ಮತ್ತೆ ಕೊಡಬೇಕು.

ರವೀಂದ್ರನೂ ನಾನೂ ಕಾರಿನಲ್ಲಿ ಹೋದೆವು. ದಾರಿಯಲ್ಲಿ ನಾನು ಮನಸ್ಸಿನಲ್ಲೇ ದಿನ ಎಣಿಸಿದೆ. ಹೆಬ್ಬಾಳದಿಂದ ಯಲಹಂಕ ಮುಟ್ಟುವುದರೊಳಗೆ ಮೂರು ಸಲ ಎಣಿಸಿದೆ.

ಅಲ್ಲಿ ಉಗ್ರಾಣದ ಮುಂದೆ ಒಬ್ಬ ಹೆಂಗಸು ನಿಂತಿದ್ದರು. ಐವತ್ತರ ಆಸುಪಾಸು, ನೀಲಿ ಕೋಟು, ಎದೆಗೆ ಒತ್ತಿಕೊಂಡ ಉದ್ದನೆಯ ರಿಜಿಸ್ಟರ್. ಉಗ್ರಾಣ ನೋಡಿಕೊಳ್ಳುವ ಮುನಿರತ್ನಮ್ಮ. ಯಲಹಂಕದ ಹಳೆಯ ಊರಿನವರು, ಹದಿನೆಂಟು ವರ್ಷದ ಸರ್ವಿಸು. ಎರಡು ಗಂಟೆಗೊಮ್ಮೆ ಪರದೆ ನೋಡಿ ಸಂಖ್ಯೆ ಬರೆದುಕೊಳ್ಳುವುದು ಅವರ ಕೆಲಸ. ಅವರ ರಜೆಯ ದಿನ ಬರೆಯುವವರು ಬೇರೆ ಇದ್ದರು. ಆದರೆ ಹಿಂದಿನ ಹದಿನೈದು ದಿನ ಅವರು ರಜೆಯನ್ನೇ ಹಾಕಿರಲಿಲ್ಲ.

ಆಡಳಿತಾಧಿಕಾರಿ ರಿಜಿಸ್ಟರ್ ಕಿತ್ತುಕೊಂಡು ನಮಗೆ ತೋರಿಸಿದರು. ಮೊದಲ ಪುಟಗಳಲ್ಲಿ 3.8, 4.3, 4.0, 3.9. ಡಿಸೆಂಬರಿನ ಪುಟದಲ್ಲಿ ಒಂದು ದಿನದಿಂದ ಆಚೆಗೆ ಎಲ್ಲವೂ 4.2. ಬೆಳಿಗ್ಗೆ, ಮಧ್ಯಾಹ್ನ, ಸಂಜೆ 4.2. ಅಂದವಾದ ಅಕ್ಷರದಲ್ಲಿ, ಒಂದರ ಕೆಳಗೆ ಒಂದು.

"ನೋಡಿ ಸರ್, ಒಂದು ಪಾಯಿಂಟ್ ಕೂಡ ಆಚೆ ಈಚೆ ಇಲ್ಲ. ಎದ್ದು ಹೋಗಿ ನೋಡಿಲ್ಲ, ಕೂತಲ್ಲೇ ಕೂತು ಬರೆದಿದ್ದಾರೆ. ಕಂಪ್ರೆಸರ್ ಕೆಟ್ಟು ವಾರ ಆಗಿದೆ."

"ನಾನ್ ನೋಡೇ ಬರ್ದಿವ್ನಿ ಸಾ," ಎಂದರು ಮುನಿರತ್ನಮ್ಮ. ಅವರ ದನಿ ಅತ್ತು ಅತ್ತು ಒಡೆದಿತ್ತು. "ಪರದೆ ಮ್ಯಾಲೆ ಇಂಗೇ ಇತ್ತು. ಒಳಗೋದಾಗ ಯಾಕೋ ಸೆಕೆ ಅನ್ನುಸ್ತು, ಸೂಪರ್‌ವೈಸರ್‌ಗೂ ಏಳ್ದೆ. ಪರದೆ ಏನ್ ತೋರ್ಸುತ್ತೋ ಅದುನ್ನ ಬರ್ಕೊ ಅಂದ್ರು. ಬರ್ಕೊಂಡೆ."

ನಾನು ಲ್ಯಾಪ್‌ಟಾಪ್ ಅನ್ನು ಪೆಟ್ಟಿಗೆಗೆ ಜೋಡಿಸಿದೆ. ಆನ್ ಆಗಿ ಅರವತ್ತೆರಡು ದಿನ. ಸೆನ್ಸರನ್ನು ಕೊನೆಯ ಸಲ ಮಾತಾಡಿಸಿದ್ದು ಹನ್ನೆರಡು ದಿನದ ಹಿಂದೆ, ಎಣಿಕೆ ತುಂಬಿದ ಕ್ಷಣದಲ್ಲಿ. ಆ ದಾಖಲೆ ಪೆಟ್ಟಿಗೆಯ ತಾತ್ಕಾಲಿಕ ನೆನಪಿನಲ್ಲಿ ಮಾತ್ರ ಇರುತ್ತಿತ್ತು, ಆಫ್ ಮಾಡಿದರೆ ಅಳಿಸಿಹೋಗುತ್ತಿತ್ತು. ನಾನು ಅದನ್ನು ಉಳಿಸಿಕೊಳ್ಳಲು ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ರವೀಂದ್ರ ನನ್ನ ಭುಜದ ಮೇಲಿಂದ ಬಗ್ಗಿ ಓದಿದ. ನಂತರ ಕೈ ಚಾಚಿ, ಯಾವ ಅವಸರವೂ ಇಲ್ಲದೆ ಪೆಟ್ಟಿಗೆಯ ಸ್ವಿಚ್ ಆಫ್ ಮಾಡಿದ. ಹತ್ತು ಎಣಿಸುವಷ್ಟು ಹೊತ್ತು ಬಿಟ್ಟು ಆನ್ ಮಾಡಿದ.

ಪರದೆ 16.7 ತೋರಿಸಿತು. ಗಂಟೆ ಹೊಡೆಯತೊಡಗಿತು.

"ನೋಡಿ ಸರ್, ಪೆಟ್ಟಿಗೆ ಸರಿಯಾಗೇ ಇದೆ," ಎಂದ ರವೀಂದ್ರ.

ಮುನಿರತ್ನಮ್ಮ ಆ ಸಂಖ್ಯೆಯನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಅಲ್ಲಿದ್ದವರಲ್ಲಿ ಅವರನ್ನು ಬಿಟ್ಟರೆ ಹೆಂಗಸು ನಾನೊಬ್ಬಳೇ ಎಂದೋ ಏನೋ. "ನೀವಾದ್ರೂ ಏಳಿ ಮೇಡಮ್ಮೋರೆ. ಈ ಮೆಸಿನ್ ಒಂದೊಂದ್ಸಲ ಇಂಗೆ ನಿಂತೋಗುತ್ತಾ?"

"ಪರಿಶೀಲಿಸಿ ವರದಿ ಕೊಡ್ತೀವಿ," ಎಂದೆ.

ಆ ವರದಿಯನ್ನು ಅಲ್ಲೇ ಕೂತು ಬರೆದು ಕೊಟ್ಟೆವು. 'ಪರಿಶೀಲನೆಯ ವೇಳೆ ಯಂತ್ರವು ಸುಸ್ಥಿತಿಯಲ್ಲಿ ಕಾರ್ಯನಿರ್ವಹಿಸುತ್ತಿದ್ದು, ತಾಪಮಾನವನ್ನು ಸರಿಯಾಗಿ ತೋರಿಸಿ ಎಚ್ಚರಿಕೆ ನೀಡಿದೆ.' ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಕೆಳಗೆ ನನ್ನ ಸಹಿ. ಸಂಕ್ರಾಂತಿಯ ಹೊತ್ತಿಗೆ ಮುನಿರತ್ನಮ್ಮನನ್ನು ಕೆಲಸದಿಂದ ತೆಗೆದರೆಂದು ಸರ್ವಿಸಿಗೆ ಹೋಗಿಬಂದ ನಮ್ಮ ಹುಡುಗ ಹೇಳಿದ.

ವರದಿ ಕೊಟ್ಟ ದಿನವೇ ವಾಪಸು ಬರುವಾಗ ಹೆಬ್ಬಾಳದಲ್ಲೇ ಇಳಿದುಕೊಂಡು ಬಸ್ ಸ್ಟಾಪಿನಿಂದ ಮಲ್ಲಿಕಾರ್ಜುನ ಸರ್‌ಗೆ ಫೋನ್ ಮಾಡಿದೆ. ಅವರು ಊರಿಗೆ ಮರಳಿ ಐಟಿಐ ಒಂದರಲ್ಲಿ ಪಾಠ ಮಾಡುತ್ತಿದ್ದರು. ಹಿಂದೆ ಹುಡುಗರ ಗದ್ದಲ ಕೇಳಿಸುತ್ತಿತ್ತು. ನಡೆದದ್ದನ್ನೆಲ್ಲ ಹೇಳಿದೆ.

"ಐವತ್ತನೇ ದಿನಕ್ಕ ನಿಂತದಲ್ರಿ?"

"ಹೌದು ಸರ್."

"ಸಹಿ ಮಾಡಿದ್ರೇನು?"

"ಮಾಡಿದೆ."

"ಹಂಗಾರ ನನಗ್ಯಾಕ ಫೋನ್ ಮಾಡಿದ್ರಿ ಮೇಡಂ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಟ್ಟುಬಿಟ್ಟರು.

ಮುಂದಿನ ವರ್ಷನ್‌ನಲ್ಲಿ ಆ ಸಾಲು ಸರಿಯಾಯಿತು. ಕೂಡಿಸುವ ಬದಲು ಕಳೆಯುವ ಲೆಕ್ಕ ಬಂತು, ಅಕ್ಷರಕ್ಕೆ ಅಕ್ಷರ ಮಲ್ಲಿಕಾರ್ಜುನ ಸರ್ ಮೇಲ್‌ನಲ್ಲಿ ಬರೆದಿದ್ದ ಹಾಗೆಯೇ. ಬದಲಾಯಿಸಿದವರ ಹೆಸರಿನ ಜಾಗದಲ್ಲಿ ರವೀಂದ್ರ ಎಂದಿತ್ತು. ಗ್ರಾಹಕರಿಗೆ ಕಳಿಸಿದ ಟಿಪ್ಪಣಿಯಲ್ಲಿ 'ಸಾಮಾನ್ಯ ಸುಧಾರಣೆಗಳು' ಎಂದಷ್ಟೇ ಇತ್ತು. ನನ್ನನ್ನು ಪರೀಕ್ಷಾ ವಿಭಾಗದ ಮುಖ್ಯಸ್ಥೆ ಮಾಡಿದರು. ಇನ್ನೂ ಮೂರು ವರ್ಷ ಅಲ್ಲೇ ಇದ್ದೆ. ಮುನಿರತ್ನಮ್ಮನ ನೆನಪು ಬಾರದೆ ಇರಲಿಲ್ಲ. ಬಂದಾಗ ಬೇರೆ ಕೆಲಸ ಹಚ್ಚಿಕೊಳ್ಳುತ್ತಿದ್ದೆ.

2016ರಲ್ಲಿ ಕೆಲಸ ಬಿಟ್ಟ ಮೇಲೆ, ಇನ್ನು ಕಳೆದುಕೊಳ್ಳುವುದು ಏನೂ ಇಲ್ಲ ಎಂದು ಖಾತ್ರಿಯಾದ ಮೇಲೆ, ನನಗೆ ಧೈರ್ಯ ಬಂತು. ನಡೆದದ್ದನ್ನೆಲ್ಲ ಎರಡು ಪುಟದಲ್ಲಿ ಬರೆದು ಸಹಿ ಮಾಡಿ, ಒಂದು ಪ್ರತಿಯನ್ನು ಆಸ್ಪತ್ರೆಗೆ ಕೊಡಲು ಹೋದೆ. ಆಸ್ಪತ್ರೆ ಬೇರೆಯವರ ಕೈಗೆ ಹೋಗಿತ್ತು. ಕೌಂಟರಿನಲ್ಲಿದ್ದ ಹುಡುಗಿ ಹಳೆಯ ನೌಕರರ ವಿಷಯ ತಮಗೆ ಸಂಬಂಧವಿಲ್ಲ ಎಂದು ಕಾಗದವನ್ನು ಮರಳಿಸಿದಳು. ಒಬ್ಬ ಹಳೆಯ ಆಯಾ ಮಾತ್ರ ಮುನಿರತ್ನಮ್ಮನ ಮನೆ ಗುರುತು ಹೇಳಿದರು.

ಯಲಹಂಕ ಹಳೆ ಊರಿನ ಓಣಿಯಲ್ಲಿ ಶೀಟು ಹೊದಿಸಿದ ಎರಡು ಕೋಣೆಯ ಮನೆ. ಮುನಿರತ್ನಮ್ಮ ಜಗುಲಿಯ ಮೇಲೆ ಕೂತು ಹೂ ಕಟ್ಟುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಒಳಗೆ ಕುರ್ಚಿಯ ಮೇಲೆ ಅವರ ಗಂಡ ಕೃಷ್ಣಪ್ಪ. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಮುನಿರತ್ನಮ್ಮ ಹೂವಿನಿಂದ ಕೈ ತೆಗೆಯಲಿಲ್ಲ.

"ಅವತ್ತು ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ನಿಮ್ಮುನ್ನೇ ಕೇಳ್ದೆ ಅಲ್ವಾ?"

"ಹೌದಮ್ಮ."

ನಾನು ಕಾಗದ ಚಾಚಿದೆ. ಅವರು ಮುಟ್ಟಲಿಲ್ಲ. "ನಂಗ್ಯಾಕೆ? ನಾನ್ ನೋಡಿದ್ದು ನಂಗೊತ್ತು. ಅವ್ರಿಗೆ ಓದಿ ಏಳಿ," ಎಂದು ಗದ್ದದಿಂದ ಒಳಗೆ ತೋರಿಸಿದರು.

ಹೊಸ್ತಿಲ ಹತ್ತಿರ ನಿಂತು ಓದಿದೆ. ಎಣಿಕೆ, ಮಿತಿ, ಮೀರುವಿಕೆ. ನಾನೇ ಬರೆದ ಮಾತುಗಳು ನನ್ನ ಬಾಯಲ್ಲೇ ತೊಡರಿದವು. ಕೃಷ್ಣಪ್ಪ ಕಣ್ಣು ಕಿರಿದು ಮಾಡಿಕೊಂಡು ಕೇಳಿಸಿಕೊಂಡರು. ಎರಡನೆಯ ಪುಟದ ನಡುವೆ ಕೈ ಎತ್ತಿ ನಿಲ್ಲಿಸಿದರು.

"ಅಂಗಂದ್ರೆ ಇವ್ಳು ನೋಡೇ ಬರೀತಿದ್ಲಾ?"

"ನೋಡೇ ಬರೆದಿದ್ದಾರೆ. ಪರದೆಯಲ್ಲಿ ಇದ್ದದ್ದೇ ಅದು."

ಆತ ಹೆಂಡತಿಯ ಬೆನ್ನನ್ನು ಬಹಳ ಹೊತ್ತು ನೋಡಿದರು. ನಾಲ್ಕು ವರ್ಷ ಈ ಮನೆಯಲ್ಲಿ ಏನೇನು ಮಾತು ನಡೆದಿರಬಹುದೆಂದು ನನಗೆ ಆಗಲೇ ಹೊಳೆದದ್ದು. ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡು, ನಮ್ಮಿಬ್ಬರ ನಡುವೆಯೇ ದಾಟಿ ಓಣಿಗಿಳಿದು ಹೋದರು.

ಮುನಿರತ್ನಮ್ಮ ಹೂವಿನ ಎಳೆಯನ್ನು ಹಲ್ಲಿನಿಂದ ಕಡಿದರು. ಆತ ತಿರುವು ದಾಟುವವರೆಗೂ ತಲೆ ಎತ್ತಲಿಲ್ಲ.

"ಓದಿದ್ದಾಯ್ತಲ್ಲ," ಎಂದರು. "ಇನ್ ಒರ್ಡಿ."